ತಾನಾಗಿಯೇ ತೆರೆಯುತ್ತಿದ್ದ ಪುಟ

ಕಳೆದ ವಾರ ಮಗಳು ಹೊಸ ಪಠ್ಯಪುಸ್ತಕವೊಂದನ್ನು ನಡುವೆ ಬಿಡಿಸಿ, ಪುಟಗಳು ಮಡಚಿಕೊಳ್ಳದಿರಲಿ ಎಂದು ಎರಡೂ ಅಂಗೈ ಊರಿ ಒತ್ತಿದಳು. ಪುಸ್ತಕದ ಬೆನ್ನಿನಿಂದ ಲಟಕ್ ಎಂದು ಸಣ್ಣ ಸದ್ದು ಬಂತು, ಅದರ ಹಿಂದೆಯೇ ಅಂಟಿನ ವಾಸನೆ. ಹುರುಳಿಕಾಯಿ ಸೋಸುತ್ತಾ ಕೂತಿದ್ದ ನಾನು "ಹಂಗೆ ಬೆನ್ನು ಮುರೀಬ್ಯಾಡ!" ಎಂದು ಕೂಗಿಬಿಟ್ಟೆ. ಅವಳು ಹೆದರಿ, ಆಮೇಲೆ ನಕ್ಕು, "ಪುಸ್ತಕದ್ದಮ್ಮಾ, ನನ್ನ ಬೆನ್ನೇನಲ್ಲ" ಎಂದಳು. ನಾನೂ ನಕ್ಕೆ. ಆದರೆ ಆ ಹೊತ್ತಿಗೆ ಎದುರು ಮನೆಯ ಸಿಸ್ಟರಮ್ಮ ಮನಸ್ಸಿನೊಳಗೆ ಬಂದು ಕೂತಾಗಿತ್ತು...

ಸರಸ್ವತಿ ನಗರಕ್ಕೆ ನಾವು ಬಾಡಿಗೆಗೆ ಬಂದಾಗ ಅವರು ನರ್ಸ್ ಕೆಲಸದಿಂದ ನಿವೃತ್ತರಾಗಿದ್ದರು. ಇಡೀ ಬೀದಿ ಅವರನ್ನು ಸಿಸ್ಟರಮ್ಮ ಎಂದೇ ಕರೆಯುತ್ತಿತ್ತು. ತವರು ಹರಿಹರ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಒಬ್ಬಳೇ ಮಗಳು, ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ಜ್ವರ ತಲೆಗೇರಿ ಹೋಗಿಬಿಟ್ಟಿದ್ದಳು. ಆ ಮಾತನ್ನು ಅವರು ಎತ್ತುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ. ಪಡಸಾಲೆಯ ಗೋಡೆಯಲ್ಲಿ ಎರಡು ಜಡೆಯ ಹುಡುಗಿಯ ಫೋಟೋ ಇತ್ತು, ಅಷ್ಟೇ.

ಶುಗರ್ ಕಣ್ಣಿಗಿಳಿದು ಸಣ್ಣ ಅಕ್ಷರ ಕಾಣದಂತಾದಾಗ ಅವರು ನನ್ನನ್ನು ಕರೆದರು. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಹೋಗಿ ಅರ್ಧ ಗಂಟೆ ಸತ್ಯವೇದ, ಅಂದರೆ ಅವರ ಬೈಬಲ್ಲು, ಓದಿ ಹೇಳಬೇಕು.

"ನಾವು ಲಿಂಗ ಕಟ್ಟಿದೋರು ಸಿಸ್ಟರಮ್ಮ, ನಾ ಓದಬೌದಾ?" ಎಂದೆ.

"ಕನ್ನಡ ಓದಾಕೆ ಬರ್ತೈತಲ್ಲವ್ವಾ? ಮತ್ತೇನು. ಬಾ, ಕೂಡು."

ಮೊದಮೊದಲು ಕತೆಗಳನ್ನೇ ಓದುತ್ತಿದ್ದೆವು. ಗಂಡಂದಿರನ್ನು ಕಳೆದುಕೊಂಡ ಅತ್ತೆ ಸೊಸೆ ಒಬ್ಬರ ಕೈ ಒಬ್ಬರು ಬಿಡದೆ ಊರಿಗೆ ನಡೆದು ಬರುವ ಕತೆಯನ್ನು ಅವರು ಎರಡು ಸಲ ಓದಿಸಿದರು. "ಇಂಥಾ ಸೊಸಿ ಈಗ ಪುಸ್ತಕದಾಗೇ ಸಿಗಬೇಕ್ ನೋಡು" ಎಂದರೆ, ನಾನು "ಇಂಥಾ ಅತ್ತೀನೂ" ಎನ್ನುತ್ತಿದ್ದೆ. ಓದು ಮುಗಿದ ಮೇಲೆ ಅವರು ಸ್ಟೀಲ್ ಲೋಟದಲ್ಲಿ ನೀರು ತಂದು, ನನ್ನೆದುರೇ ಶುಗರ್ ಮಾತ್ರೆ ನುಂಗಿ, ಮಂಡಕ್ಕಿ ಒಗ್ಗರಣೆ ಹಾಕಿ ಕೊಡುತ್ತಿದ್ದರು.

ಮಗಳು ತೀರಿಕೊಂಡ ತಿಂಗಳು ಹತ್ತಿರ ಬಂದಿತ್ತೋ ಏನೋ, ಒಂದು ದಿನ ಕತೆ ಬೇಡವೆಂದರು. ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿ, ಸತ್ಯವೇದವನ್ನು ಬೆನ್ನಿನ ಮೇಲೆ ನಿಲ್ಲಿಸಿ ಕೈ ಸಡಿಲಿಸಿದರು. ಅದು ತಾನಾಗಿ ತೆರೆದುಕೊಂಡಿತು. ಕಣ್ಣು ಬಿಡದೆಯೇ ಬಲಗಡೆಯ ಪುಟದ ಮೇಲೆ ಬೆರಳಿಟ್ಟು, "ಇವತ್ತು ದೇವರು ನನಗೆ ಏನು ಹೇಳ್ತಾನೋ ಓದು" ಎಂದರು.

ನೊಂದವನೊಬ್ಬ ದೇವರೆದುರು ಗೋಳಿಡುವ ಕೀರ್ತನೆ ಅದು. ದಿನಗಳೆಲ್ಲ ಹೊಗೆಯ ಹಾಗೆ ಕರಗಿದವು, ಉಣ್ಣುವುದೂ ಮರೆತುಹೋಗಿದೆ, ಮಾಳಿಗೆಯ ಮೇಲಿನ ಒಂಟಿ ಹಕ್ಕಿಯಂತಾಗಿದ್ದೇನೆ ಎಂಬಂಥ ಮಾತು. ಪುಟದ ತುದಿಗೆ ಬಂದು ಹಾಳೆ ತಿರುವಲು ಹೋದರೆ ಅವರ ಕೈ ನನ್ನ ಮಣಿಕಟ್ಟಿನ ಮೇಲೆ ಬಂತು. "ಸಾಕವ್ವಾ. ಬೆರಳಿಟ್ಟ ಪುಟ ಅಷ್ಟೇ."

ಮಾರನೆಯ ದಿನವೂ ಅದೇ ಪುಟ. ಅದರ ಮಾರನೆಯ ದಿನವೂ...

ವಾರ ಕಳೆಯುವುದರೊಳಗೆ ಆ ಮನೆಯಲ್ಲಿ ಕುಕ್ಕರ್ ಕೂಗುವುದು ನಿಂತಿತು. ನೀರಿನ ಲೋಟ ಪಡಸಾಲೆಗೆ ಬರಲಿಲ್ಲ. ಮಾತ್ರೆ ತಗೊಂಡ್ರಾ ಎಂದು ಕೇಳಿದರೆ "ಹ್ಞೂಂ, ಆತು" ಎನ್ನುತ್ತಿದ್ದರು. ಸೀರೆಯ ನೆರಿಗೆ ಸೊಂಟದಲ್ಲಿ ನಿಲ್ಲದೆ ಜಾರುತ್ತಿತ್ತು. ಒಂದು ಮಧ್ಯಾಹ್ನ ಅವರೇ ಮೆಲ್ಲಗೆ ಹೇಳಿದರು: "ದೇವರು ದಿನಾ ಒಂದೇ ಮಾತು ಹೇಳಾಕ ಹತ್ತ್ಯಾನೆ. ಊಟ ಸಾಕು, ಮಾತ್ರೆ ಸಾಕು, ಬಾ ಅಂತಾನೆ. ಕರದಾಗ ಹೋಗಬೇಕಲ್ಲವ್ವಾ?" ಹೂವಿನ ಗಿಡಕ್ಕೆ ನೀರು ಹಾಕಿದೆ ಎನ್ನುವಷ್ಟು ಸಹಜವಾದ ದನಿ. ಶುಗರ್ ಮಾತ್ರೆ ಬಿಟ್ಟರೆ ಏನಾಗುತ್ತದೆಂದು ಆ ಬೀದಿಯಲ್ಲಿ ಅವರಷ್ಟು ತಿಳಿದವರು ಯಾರಿದ್ದರು?

ನಮ್ಮ ಮನೆಯವರು "ಅವರ ಬೈಬಲ್ ಓದಿ ನೀನ್ಯಾಕ ಮಕ ಇಳಿಸ್ಕಂಡು ಬರ್ತೀಯ?" ಎಂದು ಕೇಳಿದರು. ಮಾರನೆಯ ದಿನ ನಾನೊಂದು ಉಪಾಯ ಮಾಡಿದೆ. ಕಣ್ಣು ಆ ಪುಟದ ಮೇಲಿಟ್ಟು, ಹಿಂದೆಂದೋ ಓದಿದ್ದ ಸಮಾಧಾನದ ಸಾಲುಗಳನ್ನು ನೆನಪಿನಿಂದ ಹೇಳತೊಡಗಿದೆ. ಎರಡು ಸಾಲು ಆಗಿರಲಿಲ್ಲ, ಅವರು ಕಣ್ಣು ಬಿಟ್ಟರು.

"ಅವ್ವಾ, ನಾ ನರ್ಸ್ ಆಗಿದ್ದಾಕಿ. ಡಾಕ್ಟ್ರು ರೋಗಿ ಮುಂದೆ ಸುಳ್ಳು ಹೇಳೋವಾಗ ಹಿಂಗೇ ದನಿ ಎಳೀತಾರೆ. ಬೆರಳಿಟ್ಟಿದ್ದು ಓದು."

ಓದಿದೆ. ಓದುತ್ತಾ ಗಮನಿಸಿದೆ: ಆ ಪುಟದ ಬುಡದಲ್ಲಿ ಹೊಲಿಗೆಯ ದಾರ ಸಡಿಲವಾಗಿ ಹೊರಗೆ ಇಣುಕುತ್ತಿತ್ತು. ಪುಸ್ತಕದ ಬೆನ್ನು ಸರಿಯಾಗಿ ಅಲ್ಲಿಯೇ ಮುರಿದಿತ್ತು. ಹೇಗೆ ನಿಲ್ಲಿಸಿದರೂ ಅದು ಬೀಳುವುದು ಅಲ್ಲಿಗೇ.

ಆ ಭಾನುವಾರ ಅವರ ಚರ್ಚಿನ ಅಯ್ಯನವರು ಮನೆಗೆ ಬಂದಿದ್ದಾಗ ಇದನ್ನು ಇಬ್ಬರೆದುರೂ ಹೇಳಿದೆ. ಅಯ್ಯನವರು ಪುಸ್ತಕವನ್ನು ತಿರುಗಿಸಿ ನೋಡಿ, "ಸಿಸ್ಟರಮ್ಮಾ, ಸತ್ಯವೇದ ಅಂದ್ರೆ ಗಿಣಿಶಾಸ್ತ್ರ ಅಲ್ರೀ, ಹಿಂಗೆ ಚೀಟಿ ಎತ್ತಾಕೆ" ಎಂದರು.

"ಗಿಣೀನೂ ದೇವರೇ ಮಾಡಿದ್ದಲ್ಲೇನ್ರಿ ಅಯ್ನೋರೆ?" ಎಂದರು ಸಿಸ್ಟರಮ್ಮ. ಆಮೇಲೆ ನನ್ನ ಕಡೆ ತಿರುಗಿ, "ಬೆನ್ನು ಮುರದೈತೆ ಅಂತ ನನಗೂ ಗೊತ್ತವ್ವಾ. ಅಲ್ಲೇ ಯಾಕ ಮುರೀತು, ಅದನ್ನ ಕೇಳು."

ಯಾರೂ ಕೇಳಲಿಲ್ಲ. ಅಯ್ಯನವರು ಅವರಿಗಾಗಿ ಪ್ರಾರ್ಥನೆ ಮಾಡಿ, ಎರಡು ದಿನ ಬಿಟ್ಟು ದೊಡ್ಡಕ್ಷರದ ಹೊಸ ಸತ್ಯವೇದವನ್ನು ತಂದುಕೊಟ್ಟು, ಹಳೆಯದನ್ನು ಹೊಲಿಸುವ ನೆಪದಲ್ಲಿ ಒಯ್ದರು.

ಹೊಸ ಪುಸ್ತಕ ಬಿಗಿಯಾಗಿತ್ತು. ಮೊದಲ ದಿನ ಬೆರಳು ಬಿದ್ದದ್ದು ದೇವಾಲಯ ಕಟ್ಟಿದ ಲೆಕ್ಕದ ಮೇಲೆ. ಬಾಗಿಲು ಇಷ್ಟು ಮೊಳ, ಕಂಬ ಇಷ್ಟು ಮೊಳ. ನಾನು ಗಂಭೀರವಾಗಿ ಓದುತ್ತಲೇ ಹೋದೆ. ಸಿಸ್ಟರಮ್ಮನ ಭುಜ ಅಲುಗತೊಡಗಿತು. "ಸಾಯಾಕ ಕರಿತಾನೆ ಅಂದ್ಕಂಡ್ರೆ ಗಾರೆ ಕೆಲಸ ಹಚ್ಚಿದ್ನಲ್ಲವ್ವಾ!" ಎಂದು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನೀರಿನ ಲೋಟ ತಂದರು. ಮಾತ್ರೆ ಗಂಟಲಲ್ಲಿ ಇಳಿಯುವುದನ್ನು ನಾನು ಕಣ್ಣಾರೆ ನೋಡಿದೆ. ಮುಂದಿನ ದಿನಗಳಲ್ಲಿ ಬೆರಳು ಯಾರ್ಯಾರೋ ಮುತ್ತಜ್ಜಂದಿರ ಹೆಸರುಗಳ ಮೇಲೆ ಬಿತ್ತು, ರಾಜರ ಜಗಳದ ಮೇಲೆ ಬಿತ್ತು. ಎದುರು ಮನೆಯ ಕುಕ್ಕರ್ ಮತ್ತೆ ಕೂಗಿತು. ಗೆದ್ದೆವು ಎಂದುಕೊಂಡು ಮಾತ್ರೆಯ ವಿಷಯ ಕೇಳುವುದನ್ನೂ ಬಿಟ್ಟೆ.

ತಿಂಗಳು ಕಳೆದಿರಬೇಕು. ಆ ದಿನ ಮೋಡ ಕವಿದು ಪಡಸಾಲೆ ಮಬ್ಬಾಗಿತ್ತು. ಅವರು ಎಂದಿನಂತೆ ಕಣ್ಣು ಮುಚ್ಚಿ ಪುಸ್ತಕ ನಿಲ್ಲಿಸಿ ಕೈ ಸಡಿಲಿಸಿದರು. ಬಿಗಿಯಾಗಿದ್ದ ಆ ಪುಸ್ತಕ ಸ್ವಲ್ಪವೂ ತಡೆಯದೆ ಮೆತ್ತಗೆ ಎರಡು ಪಾಲಾಯಿತು. ಅದೇ ಕೀರ್ತನೆ. ಇದರಲ್ಲೂ ಗೋಳು ಬಲಗಡೆಯ ಪುಟದ ತುದಿಯವರೆಗೆ ತುಂಬಿತ್ತು, ಮುಂದಿನದು ಹಾಳೆಯ ಆಚೆ. ಬುಡದಲ್ಲಿ ಅಂಟು ಬಿಳಿಯ ಗೆರೆಯಾಗಿ ಒಡೆದಿತ್ತು.

ಆಗ ಹೊಳೆಯಿತು. ದೊಡ್ಡಕ್ಷರ... ಬೆಳಗಿನ ಬಿಸಿಲಲ್ಲಿ ಅವರಿಗೆ ತಾವೇ ಓದಿಕೊಳ್ಳಲು ಬರುತ್ತಿತ್ತು. ನಾನಿಲ್ಲದ ಹೊತ್ತಿನಲ್ಲಿ, ಬಾಗಿಲ ಬಳಿ ಕೂತು, ಅದೇ ಪುಟವನ್ನು ಒತ್ತಿ ಒತ್ತಿ ಹಿಡಿದಿದ್ದಾರೆ.

"ನೋಡಿದ್ಯಾ?" ಎಂದರು ಸಿಸ್ಟರಮ್ಮ. ಮುಖದಲ್ಲಿ ಬೇಸರವಿರಲಿಲ್ಲ, ಗುರುತಿನವರು ಬಂದಾಗಿನ ಕಳೆಯಿತ್ತು. "ಹೊಸದಕ್ಕೂ ಗೊತ್ತಾತು."

ಅಡುಗೆಮನೆಗೆ ಹೋಗಿ ಮಾತ್ರೆ ಡಬ್ಬಿ ತೆಗೆದೆ. ಒಡೆಯದ ಮಾತ್ರೆ ಪಟ್ಟಿಗಳು ಹಾಗೇ ಇದ್ದವು. ಹೊರಗೆ ಬಂದು, ಅವರನ್ನು ಕೇಳದೆ, ಪುಸ್ತಕ ಎತ್ತಿಕೊಂಡು ಹಾಳೆ ತಿರುವಿದೆ. ಅವರು ಕೈ ಚಾಚಿದರು. ನಾನು ಕುರ್ಚಿ ಹಿಂದೆ ಸರಿಸಿ ಓದಿಯೇ ಓದಿದೆ. ಆಚೆ ಬದಿಯಲ್ಲಿ ಅದೇ ನೊಂದವನು, ದಿಕ್ಕಿಲ್ಲದವರ ಮೊರೆಯನ್ನು ನೀನು ಕಿವಿಗೆ ಹಾಕಿಕೊಳ್ಳದೆ ಇರುವವನಲ್ಲ ಎಂದು ದೇವರಿಗೆ ಹೇಳುತ್ತಾನೆ.

ಮುಗಿಸಿ ತಲೆ ಎತ್ತಿದಾಗ ಸಿಸ್ಟರಮ್ಮ ಗೋಡೆಯ ಫೋಟೋ ನೋಡುತ್ತಿದ್ದರು.

"ಆಕಿಗೆ ಈ ಪುಟ ಓದಾಕ ಹತ್ತಿದ್ದೆ. ಪುಸ್ತಕ ಮಂಚದ ಮೇಲೆ ಬಿಡಿಸಿಟ್ಟು, ಒಂದ್ ಕೈ ಅದರ ಮೇಲೆ, ಒಂದ್ ಕೈ ಆಕಿ ಹಣೆ ಮೇಲೆ. ಆಚೀ ಕಡೆ ಒಳ್ಳೇದೈತೆ ಅಂತ ಗೊತ್ತಿತ್ತು. ತಿರುವಬೇಕು ಅನ್ನೋದ್ರಾಗೆ..." ಎಂದು ನಿಲ್ಲಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಆಕಿಗೆ ಸಿಗದೇ ಇದ್ದಿದ್ದು ನನಗ್ಯಾಕವ್ವಾ?"

ನನಗೆ ಅವರ ಧರ್ಮದ ಮಾತು ಬಾರದು. "ಆಕಿಗೂ ಸೇರಿಸಿ ಇನ್ನೊಂದ್ಸಲ ಓದ್ತೀನಿ, ಕೇಳ್ರಿ" ಎಂದೆ, ಅಷ್ಟೇ. ಓದಿದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಅಷ್ಟು ವರ್ಷದಲ್ಲಿ ಅವರು ಅತ್ತದ್ದನ್ನು ನೋಡಿದ್ದು ಆ ಒಂದೇ ಸಲ. ಆಮೇಲೆ ತಾವೇ ಎದ್ದು ನೀರು ತಂದುಕೊಂಡರು.

ಅಂದೇ ನಮ್ಮ ಮನೆಯವರು ಹರಿಹರಕ್ಕೆ ಫೋನ್ ಮಾಡಿದರು. ಸಿಸ್ಟರಮ್ಮನ ತಮ್ಮ ಬಂದು ಡಾಕ್ಟರಿಗೆ ತೋರಿಸಿ, ಮನಸ್ಸಿನ ಡಾಕ್ಟರ ಹತ್ತಿರವೂ ಕರೆದೊಯ್ದು, ತನ್ನ ಮನೆಯಲ್ಲೇ ಇರಿಸಿಕೊಂಡ. ಗುರುವಾರ ಗುರುವಾರ ನಾನು ಬಸ್ಸಿನಲ್ಲಿ ಹೋಗಿ ಓದಿ ಬರುತ್ತಿದ್ದೆ. ಹೊಳೆ ಕಡೆಯ ಕಿಟಕಿ ಪಕ್ಕ ಅವರ ಮಂಚ. ಬೆರಳಿಡುವುದನ್ನು ಬಿಟ್ಟಿದ್ದರು, ಸಾಲಾಗಿ ಓದುತ್ತಿದ್ದೆವು. "ನೋಡ್ರಿ ಅಕ್ಕಾರೆ, ಅತ್ತಿಗಿ ಚಪಾತಿ ಎರಡು ತಿಂದ್ರು" ಎಂದು ತಮ್ಮನ ಹೆಂಡತಿ ಮಗುವಿನ ಸುದ್ದಿ ಹೇಳಿದ ಹಾಗೆ ಹೇಳುತ್ತಿದ್ದಳು. ಪಾದಗಳು ಮಾತ್ರ ಪ್ರತಿ ವಾರ ಇನ್ನಷ್ಟು ಊದಿರುತ್ತಿದ್ದವು. ಅವರು ನನ್ನೆದುರೇ ಹೆಬ್ಬೆರಳಿನಿಂದ ಪಾದ ಒತ್ತಿ, ಬಿದ್ದ ಗುಳಿ ಏಳುವುದನ್ನೇ ನೋಡುತ್ತಾ ಕೂರುತ್ತಿದ್ದರು. ಒಮ್ಮೆ, "ಈಗ ಇರಬೇಕು ಅನ್ನಿಸ್ತೈತೆ ಕಣವ್ವಾ. ಏನ್ ಮಾಡೋದು, ತಡ ಮಾಡ್ಕಂಡೆ" ಎಂದರು. ಮುಂದಿನ ಗುರುವಾರಕ್ಕೆ ಮೊದಲೇ ಫೋನ್ ಬಂತು.

ಎದುರು ಮನೆಗೆ ಈಗ ಬ್ಯಾಂಕಿನಲ್ಲಿ ಕೆಲಸ ಮಾಡುವ ಗಂಡ ಹೆಂಡತಿ ಬಂದಿದ್ದಾರೆ. ಒಳ್ಳೆಯವರು. ನಲ್ಲಿ ನೀರು ಯಾವಾಗ ಬರುತ್ತದೆ, ಸೊಪ್ಪಿನವಳು ಯಾವಾಗ ಬರುತ್ತಾಳೆ ಎಂದು ನನ್ನನ್ನೇ ಕೇಳುತ್ತಾರೆ. ಮೊನ್ನೆ ಆ ಹುಡುಗಿ, "ಈ ಮನೇಲಿ ಮೊದಲು ಒಬ್ರು ನರ್ಸ್ ಇದ್ರಂತೆ, ಏನಾಗಿತ್ರೀ ಆಂಟಿ ಅವರಿಗೆ?" ಎಂದಳು. ಕಿಡ್ನಿ ಹೋಗಿತ್ತಮ್ಮ, ಶುಗರ್ ಇತ್ತು ಎಂದೆ. ಡಾಕ್ಟರು ಬರೆದುಕೊಟ್ಟದ್ದೂ ಅದನ್ನೇ. ಅವಳು ಪಾಪ ಎಂದು ಒಳಗೆ ಹೋದಳು. ನಾನು ಗೇಟಿನ ಬಳಿ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದೆ. ಬದುಕಬೇಕೆಂದು ಅವರಿಗೆ ಅನ್ನಿಸಿದ್ದನ್ನು ಕೇಳಿಸಿಕೊಂಡವಳು ನಾನೊಬ್ಬಳೇ. ಅದನ್ನು ಯಾರಿಗಾದರೂ ಹೇಳಿದರೆ ಅವರು ಹೋದದ್ದು ಇನ್ನೂ ಭಾರವಾಗುತ್ತದೆ ಎನಿಸಿ, ಇವತ್ತಿನವರೆಗೂ ಹೇಳಿರಲಿಲ್ಲ.