ತೋಟೆಯ ಕೊರಳಿಗೆ ತಕ್ಕ ಬೆಂಕಿ

ಮಸ್ಕತ್ತಿನಿಂದ ದೂರದ ಇಬ್ರಾ ಊರಿನ ಸೂಕ್ ಪೇಟೆಯ ಹಿಂದಿನ ರಸ್ತೆಯಲ್ಲಿರುವ ಸಾಲಿಂ ಬಿನ್ ಹಮದ್ ಅವರ ವರ್ಕ್‌ಶಾಪಿಗೆ ಎರಡು ಕೋಣೆ. ಮುಂದಿನದರಲ್ಲಿ ನೀರಿನ ಪಂಪು, ಗ್ಯಾಸ್ ಒಲೆಗಳ ರಿಪೇರಿ. ಹಿಂದಿನದರಲ್ಲಿ ಶೂಟಿಂಗ್ ಕ್ಲಬ್ಬಿನ ಕೆಲಸ. ಎರಡನ್ನೂ ನೋಡಿಕೊಳ್ಳುವವರು ಪಾಣೆಮಂಗಳೂರಿನ ಇಸುಬು. ಪಾಸ್‌ಪೋರ್ಟಿನಲ್ಲಿ ಯೂಸುಫ್ ಎಂದಿದೆ, ಸಾಲಿಂ ಕರೆಯುವುದೂ ಹಾಗೆಯೇ. ಊರ ಕಡೆಯವರಿಗೆ ಮಾತ್ರ ಅವರು ಇಸುಬಾಕ. ಇಲ್ಲಿಗೆ ಬಂದಾಗ ಮೀಸೆ ಸರಿಯಾಗಿ ಮೂಡಿರಲಿಲ್ಲ. ಈಗ ಗಡ್ಡದಲ್ಲಿ ಕಪ್ಪು ಕೂದಲನ್ನು ಹುಡುಕಬೇಕು.

ಪರವಾನಗಿ ಇರುವ ಕೆಲವರು ಶುಕ್ರವಾರಗಳಲ್ಲಿ ಊರಾಚೆಯ ಗುಡ್ಡದ ಬುಡದಲ್ಲಿ ಸೇರಿ ದೂರದ ಗುರಿಗೆ ಕೋವಿ ಹೊಡೆಯುತ್ತಾರೆ. ಆ ಗುಂಪಿಗೆ ಸಾಲಿಂ ಹಿರಿಯರು. ಹೊಡೆದು ಉಳಿದ ಹಿತ್ತಾಳೆಯ ಖಾಲಿ ತೋಟೆಗಳನ್ನು ಅವರು ಎಸೆಯುವುದಿಲ್ಲ, ಮನೆಗೆ ಒಯ್ದು ಮತ್ತೆ ಮದ್ದುಗುಂಡು ತುಂಬುತ್ತಾರೆ. ತುಂಬುವುದಕ್ಕೆ ಮೊದಲಿನ ಕೆಲಸ ಇಸುಬು ಅವರದು. ಹಲವು ಸಲ ಹೊಡೆದ ಹಿತ್ತಾಳೆ ಗಡುಸಾಗಿ ತೋಟೆಯ ಕೊರಳು ಸೀಳಿಬಿಡುತ್ತದೆ. ಹಾಗಾಗದಂತೆ ಕೊರಳನ್ನಷ್ಟೇ ಜ್ವಾಲೆಗೆ ಹಿಡಿದು ಹದವಾಗಿ ಕಾಯಿಸಿದರೆ ಅದು ಮತ್ತೆ ಮೆತ್ತಗಾಗುತ್ತದೆ. ಬುಡ ಮಾತ್ರ ಗಡುಸಾಗಿಯೇ ಉಳಿಯಬೇಕು. ಬುಡ ಮೆತ್ತಗಾದ ತೋಟೆ ಕೋವಿಯೊಳಗೇ ಒಡೆದರೆ, ಹೊಡೆಯುವವನ ಕಣ್ಣೇ ಹೋದೀತು.

ಇಸುಬು ಅದನ್ನು ಬರಿಗೈಯಲ್ಲಿ ಮಾಡುತ್ತಿದ್ದರು. ಬುಡವನ್ನು ಬೆರಳುಗಳಲ್ಲಿ ಹಿಡಿದು, ಕೊರಳನ್ನು ಗ್ಯಾಸ್ ಟಾರ್ಚಿನ ಮುಂದೆ ಹೊರಳಿಸಿ, ಬಿಸಿ ಬೆರಳಿಗೆ ತಾಗುವ ಮುಂಚೆ ತಟ್ಟೆಗೆ ಬಿಡುವುದು. ಬೀಡಿ ಸುತ್ತುತ್ತಿದ್ದ ತಾಯಿಯಿಂದ ಬಂದ ಬೆರಳುಗಳು ಎಂದು ಅವರಿಗೆ ಸಣ್ಣ ಹೆಮ್ಮೆಯೂ ಇತ್ತು.

ಆ ಬೆರಳುಗಳು ಹೋದ ರಂಜಾನಿನ ನಂತರ ನಡುಗತೊಡಗಿದವು. ಮೊದಲು ಸ್ಕ್ರೂಡ್ರೈವರ್ ಹಿಡಿದಾಗ, ಆಮೇಲೆ ಚಮಚ ಎತ್ತಿದಾಗ. ಇಸುಬು ಯಾರಿಗೂ ಹೇಳಲಿಲ್ಲ. ಅವರ ಸೋದರಮಾವ ಕಂಪವಾತದಲ್ಲಿ ಕೊನೆಗೆ ಮಗುವಿನಂತೆ ಉಣಿಸಿಕೊಳ್ಳುತ್ತಿದ್ದುದನ್ನು ಅವರು ಕಂಡಿದ್ದರು. ಕೈ ಹೋದವನಿಗೆ ಇಲ್ಲೇನು ಕೆಲಸ? ವೀಸಾ ಕೊಟ್ಟ ಕಫೀಲ್ ಸಾಲಿಂ ಒಂದು ಮಾತಿನಲ್ಲಿ ಖಲಾಸ್ ಎಂದರೆ ಊರಿಗೆ ಟಿಕೆಟ್. ಬಲಗೈಯನ್ನು ಎಡಗೈಯಿಂದ ಒತ್ತಿ ಹಿಡಿದು ಹೇಗೋ ನಡೆಸಿದರು.

ಒಂದು ಗುರುವಾರ ಮಧ್ಯಾಹ್ನ ತಟ್ಟೆಯಲ್ಲಿ ಉಳಿದಿದ್ದ ತೋಟೆಯೊಂದನ್ನು ಅವರು ಬೆಳಕಿಗೆ ಹಿಡಿದರು. ಬಿಸಿ ಎಲ್ಲಿಯವರೆಗೆ ಇಳಿದಿದೆ ಎಂಬುದನ್ನು ಹಿತ್ತಾಳೆಯ ಮೇಲೆ ಮೂಡುವ ನೀಲಿ ಛಾಯೆ ತೋರಿಸುತ್ತದೆ. ಆ ಛಾಯೆ ಕೊರಳು ದಾಟಿ ಹೊಟ್ಟೆಗೂ ಕೆಳಗೆ ಹೋಗಿತ್ತು. ಮತ್ತೊಂದನ್ನು ನೋಡಿದರು. ಅದೂ ಹಾಗೆಯೇ. ಅದೇ ಕಂತಿನ ಉಳಿದವನ್ನು ಬೆಳಗ್ಗೆಯೇ ಪಾಲಿಶ್ ಮಾಡಿ ಸಾಲಿಂ ಮನೆಗೆ ಕಳಿಸಿಯಾಗಿತ್ತು. ಪಾಲಿಶ್ ಆದ ಮೇಲೆ ಛಾಯೆ ಅಳಿಸಿಹೋಗುತ್ತದೆ, ಒಳ್ಳೆಯದು ಯಾವುದು ಕೆಟ್ಟದ್ದು ಯಾವುದು ಎಂದು ಹೇಳಲಾಗದು. ನಾಳೆ ಶುಕ್ರವಾರ.

ಫೋನು ಮಾಡಿದರು. ಸಾಲಿಂ ಎತ್ತಲಿಲ್ಲ. ಮತ್ತೆ ಮಾಡಿದರು, ಇಲ್ಲ. ಅಂಗಡಿಯ ಷಟರ್ ಎಳೆದು ಟ್ಯಾಕ್ಸಿ ಹತ್ತಿದರು. ದಾರಿಯುದ್ದಕ್ಕೂ ಬಾಯಲ್ಲಿ ದುವಾ, ಕಣ್ಣೆದುರು ಕ್ಲಬ್ಬಿಗೆ ಬರುವವರ ಒಬ್ಬೊಬ್ಬರ ಮುಖ.

ಸಾಲಿಂ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಆಗಷ್ಟೇ ಮನೆಗೆ ಮರಳಿದ್ದರು. ಡಬ್ಬ ಮೇಜಿನ ಮೇಲೆ ಇತ್ತು. ಕಟ್ಟಿದ ಟೇಪು ಇನ್ನೂ ಬಿಚ್ಚಿರಲಿಲ್ಲ.

"ತುಂಬಬೇಡಿ ಅರ್ಬಾಬ್," ಎಂದರು ಇಸುಬು ಧಣಿಯ ಬಾಗಿಲಲ್ಲೇ ನಿಂತು. "ಇದರಲ್ಲಿ ಕೆಲವಕ್ಕೆ ಬಿಸಿ ಬುಡದವರೆಗೆ ಹೋಗಿದೆ. ಯಾವುದಕ್ಕೆ ಅಂತ ನನಗೂ ಗೊತ್ತಿಲ್ಲ. ತಪ್ಪು ನನ್ನದು."

ಸಾಲಿಂ ಒಳಗಿನಿಂದ ಎರಡು ಸುತ್ತಿಗೆ ತಂದು, ಒಂದನ್ನು ಇಸುಬು ಕೈಗೆ ಕೊಟ್ಟರು. ಇಬ್ಬರೂ ಅಂಗಳದಲ್ಲಿ ಕುಳಿತು ಡಬ್ಬದಲ್ಲಿದ್ದ ತೋಟೆಗಳನ್ನೆಲ್ಲ ಚಪ್ಪಟೆ ಮಾಡತೊಡಗಿದರು. ಇಸುಬು ಅವರ ಸುತ್ತಿಗೆ ಎತ್ತಿದಾಗಲೆಲ್ಲ ಅಲುಗುತ್ತಿತ್ತು.

"ಯೂಸುಫ್, ಈ ಕೈ ಯಾವಾಗಿಂದ ಹೀಗೆ?"

ಇನ್ನು ಮುಚ್ಚುವುದರಲ್ಲಿ ಅರ್ಥವಿರಲಿಲ್ಲ. ಇಸುಬು ಎಲ್ಲವನ್ನೂ ಹೇಳಿದರು, ಮಾವನ ವಿಷಯವನ್ನೂ. ಹೇಳಿ ತಲೆ ತಗ್ಗಿಸಿ, ಖಲಾಸ್ ಎಂಬ ಆ ಒಂದು ಮಾತಿಗಾಗಿ ಕಾದರು.

"ಡಾಕ್ಟರ್ ಏನಂದರು?" ಸಾಲಿಂ ಕೇಳಿದರು.

"ಡಾಕ್ಟರ ಹತ್ತಿರ ಹೋಗಿಲ್ಲ."

"ಕೆಟ್ಟ ಪಂಪನ್ನು ಬಿಚ್ಚಿ ನೋಡದೆ ಸತ್ತಿದೆ ಅಂತ ನೀನು ಯಾರಿಗಾದರೂ ಹೇಳಿದ್ದುಂಟಾ? ಯಲ್ಲಾ, ಭಾನುವಾರ ಮಸ್ಕತ್ತಿಗೆ ಹೋಗು. ಹೆಂಡತಿಯನ್ನೂ ಕರಕೊಂಡು ಹೋಗು. ನನ್ನ ಕಾರು ತಗೋ."

ಮಸ್ಕತ್ತಿನ ನರರೋಗದ ಡಾಕ್ಟರು ಇಸುಬು ಅವರಿಂದ ಕಾಗದದ ಮೇಲೆ ಸುರುಳಿ ಬರೆಸಿದರು, ಮೂಗು ಮುಟ್ಟಿಸಿದರು, ಕಾರಿಡಾರಿನಲ್ಲಿ ನಡೆಸಿದರು. ಕೈಯನ್ನು ತೊಡೆಯ ಮೇಲೆ ಸುಮ್ಮನೆ ಇಡಿಸಿ ನೋಡುತ್ತ ಕುಳಿತರು. ಕೈ ನಿಶ್ಚಲವಾಗಿತ್ತು.

"ನೀವು ಹೆದರಿದ ಕಾಯಿಲೆ ಇದಲ್ಲ," ಎಂದರು. "ಕೈ ಎತ್ತಿ ಕೆಲಸ ಮಾಡುವಾಗ ಮಾತ್ರ ಬರುವ ನಡುಕ ಇದು. ತುಂಬಾ ಜನರಿಗೆ ಇರುತ್ತದೆ. ಹೆದರಿದಷ್ಟೂ ಜಾಸ್ತಿ. ಒಂದು ಮಾತ್ರೆ ಕೊಡುತ್ತೇನೆ. ಬೆಂಕಿಯ ಹತ್ತಿರದ ಸೂಕ್ಷ್ಮ ಕೆಲಸ ಮಾತ್ರ ಬೇಡ."

ಹೊರಗೆ ಬಂದು ಕಾರಿನಲ್ಲಿ ಕುಳಿತ ಮೇಲೂ ಇಸುಬು ಕೀಲಿ ತಿರುಗಿಸಲಿಲ್ಲ. ಪಕ್ಕದಲ್ಲಿದ್ದ ಹೆಂಡತಿ ಆಸಿಯಮ್ಮ ಕಣ್ಣೊರೆಸಿಕೊಂಡು ಒಮ್ಮೆಗೇ ಸಿಟ್ಟಾದರು.

"ಚೆಲ್ಲಬಾರದು ಅಂತ ನೀವು ಲೋಟಕ್ಕೆ ಅರ್ಧವೇ ಚಾಯ ಸಾಕು ಅಂದದ್ದು, ನಾನು ನಿಮಗೆ ಶುಗರ್ ಅಂತ ಎಣಿಸಿದ್ದು. ಹೇಳದೆ ಮುಚ್ಚಿಟ್ಟಿದ್ದಾರೆ ಅಂತ ಚಾಯಕ್ಕೆ ಸಕ್ಕರೆ ಹಾಕುದನ್ನೇ ಬಿಟ್ಟಿದ್ದೆ!"

"ಅದಕ್ಕಾ ಚಾಯ ಹಾಗಿದ್ದದ್ದು?" ಎಂದರು ಇಸುಬು. ಇಬ್ಬರೂ ನಕ್ಕರು. ನಗು ನಿಲ್ಲಲು ಸಾಕಷ್ಟು ಹೊತ್ತು ಹಿಡಿಯಿತು.

ಊರಿಗೆ ಟಿಕೆಟ್ ಬೇಕಾಗಲಿಲ್ಲ. ಆದರೆ ತೋಟೆಗಳ ಕೊರಳು ಕಾಯಿಸುವವರು ಯಾರು? ವಿದೇಶದಲ್ಲಿ ಇದಕ್ಕೆಂದೇ ಯಂತ್ರ ಸಿಗುತ್ತದೆ, ಬೆಲೆ ಮಾತ್ರ ಸಣ್ಣ ಕ್ಲಬ್ಬಿಗೆ ಎಟಕುವಂಥದ್ದಲ್ಲ. ತಾವೇ ಒಂದನ್ನು ಕಟ್ಟಬೇಕೆಂದು ಇಸುಬು ಅಲ್ಲಿಂದಲೇ ಕಾರನ್ನು ಮಸ್ಕತ್ತಿನ ವಾದಿ ಕಬೀರ್ ಬಡಾವಣೆಯ ಕಡೆ ತಿರುಗಿಸಿದರು. ಅಲ್ಲಿನ ಒಂದು ಗ್ಯಾರೇಜಿನಲ್ಲಿ ಬಜ್ಪೆಯ ಫ್ಲೋಯ್ಡ್ ಡಿಸೋಜ ಕಾರುಗಳ ವೈರಿಂಗ್ ಕೆಲಸ ಮಾಡುತ್ತಾನೆ. ಇಬ್ಬರದೂ ಹಳೆಯ ಪರಿಚಯ, ಮಾತು ತುಳುವಿನಲ್ಲಿ.

ಇಸುಬು ನೆಲದ ಧೂಳಿನಲ್ಲಿ ಚಿತ್ರ ಬರೆದು ತೋರಿಸಿದರು. ಓರೆಯಾದ ಹಲಗೆಯ ಮೇಲೆ ತೋಟೆಗಳು ಸಾಲಾಗಿ ಬರಬೇಕು, ಗಾಲಿಯೊಂದು ಒಂದೊಂದನ್ನೇ ಎತ್ತಿಕೊಂಡು ಜ್ವಾಲೆಯ ಮುಂದೆ ಹೊರಳಿಸಿ ಆಚೆಯ ತೂತಿನಿಂದ ಕೆಳಗೆ ಬೀಳಿಸಬೇಕು.

"ಅಷ್ಟೇಯಾ ಇಸುಬಾಕ?" ಎಂದ ಫ್ಲೋಯ್ಡ್. "ವೈಪರ್ ಮೋಟಾರು ಗುಜರಿಯಲ್ಲಿ ಬೇಕಾದಷ್ಟು ಉಂಟು. ಸ್ಪೀಡು ಕಮ್ಮಿ ಜಾಸ್ತಿ ಮಾಡುವ ನಾಬು ರೂವಿ ಪೇಟೆಯಲ್ಲಿ ಸಿಗ್ತದೆ. ಗಾಲಿಗೆ ಮಾತ್ರ ತೆಳ್ಳಗಿನ ಅಲ್ಯೂಮಿನಿಯಂ ಬೇಕು ಮಾರಾಯ್ರೆ."

ರಜೆಯಲ್ಲಿ ಫ್ಲೋಯ್ಡ್ ಮೋಟಾರು ಹಿಡಿದು ಇಬ್ರಾಕ್ಕೆ ಬಂದ. ಅಲ್ಯೂಮಿನಿಯಂ ಆಸಿಯಮ್ಮನ ಅಡುಗೆಮನೆಯಿಂದ ಬಂತು. ಈದ್‌ಗೆ ಕೇಕು ಬೇಯಿಸುವ ದುಂಡು ತಟ್ಟೆ. ಅದರ ಅಂಚಿಗೆ ಕಚ್ಚು ಕೊರೆಯುವಾಗ ಅವರು ನೋಡಲಾರೆ ಎಂದು ಎದ್ದು ಹೋದರು.

ಮೊದಲ ದಿನ ಯಂತ್ರ ಚೆನ್ನಾಗಿ ಸದ್ದು ಮಾಡಿತು, ಬೇರೇನೂ ಮಾಡಲಿಲ್ಲ. ತೋಟೆಗಳು ಕಚ್ಚಿನಲ್ಲಿ ಅಡ್ಡವಾಗಿ ಸಿಕ್ಕಿಕೊಂಡವು. ಅಗಲ ಮಾಡಿದರೆ ಎರಡೆರಡು ಒಟ್ಟಿಗೆ ಬಂದವು. ಕಚ್ಚು ಸರಿಹೋದ ಮೇಲೆ ಇನ್ನೊಂದು ತೊಂದರೆ: ತೋಟೆ ಜ್ವಾಲೆಯ ಮುಂದೆ ಹೊರಳದೆ ಜಾರುತ್ತಿತ್ತು, ಒಂದು ಬದಿ ಕೆಂಪಾಗಿ ಇನ್ನೊಂದು ಬದಿ ತಣ್ಣಗೆ. ಫ್ಲೋಯ್ಡ್ ಬೇರೆ ಮೋಟಾರು ಹಾಕೋಣ ಎಂದ. ಇಸುಬು ಕಣ್ಣು ಮುಚ್ಚಿ ಖಾಲಿ ಬೆರಳುಗಳನ್ನು ಹೊರಳಿಸಿ ನೋಡಿದರು. ಹೆಬ್ಬೆರಳು ನಯವಾಗಿದ್ದರೆ ಹಿಡಿತವಿಲ್ಲ! ಗಾಲಿಯ ಕೆಳಗೆ ತೋಟೆ ತಾಗಿ ಸಾಗುವ ತಗಡಿಗೆ ಒರಟು ಮರಳುಕಾಗದ ಉಜ್ಜಿ ತರಚಿದರು. ತೋಟೆ ಹೊರಳಿತು.

ಬಿಸಿ ತಾಗಿದರೆ ಬಣ್ಣ ಬದಲಾಗುವ ಪೆನ್ಸಿಲಿನಿಂದ ತೋಟೆಯ ಮೇಲೆ ಕೊರಳಿನಿಂದ ಬುಡದವರೆಗೆ ಗೆರೆ ಎಳೆದರು. ಕೊರಳ ಬಳಿ ಗೆರೆ ಬಣ್ಣ ಬದಲಿಸಿತು, ಬುಡದ ಬಳಿ ಹಾಗೆಯೇ ಉಳಿಯಿತು. ಇನ್ನೊಂದು ಹಾಕಿದರು. ಮತ್ತೊಂದು. ಎಲ್ಲದರ ಗೆರೆಯೂ ಒಂದೇ ಜಾಗದಲ್ಲಿ ಬದಲಾಗಿತ್ತು. ತನ್ನ ಬೆರಳುಗಳು ಒಳ್ಳೆಯ ಕಾಲದಲ್ಲೂ ಇಷ್ಟು ಸಮನಾಗಿ ಕಾಯಿಸಿರಲಿಲ್ಲ ಎಂದು ಇಸುಬು ಫ್ಲೋಯ್ಡ್ ಎದುರು ಒಪ್ಪಿಕೊಂಡರು.

"ಸಾಲಿಂ ಅವರಿಗೆ ಹೇಳಬೇಡಿ ಮಾರಾಯ್ರೆ, ಸಂಬಳ ಯಂತ್ರಕ್ಕೆ ಕೊಟ್ಟಾರು," ಎಂದ ಫ್ಲೋಯ್ಡ್.

ಯಂತ್ರದಲ್ಲಿ ಕಾಯಿಸಿದ ತೋಟೆಗಳನ್ನು ಹೊಡೆದ ಮೊದಲ ಶುಕ್ರವಾರ ಇಸುಬು ಕೂಡ ಗುಡ್ಡದ ಬುಡಕ್ಕೆ ಹೋದರು. ಹಾರಿ ಬಿದ್ದ ಪ್ರತಿಯೊಂದು ಖಾಲಿ ತೋಟೆಯನ್ನೂ ಹೆಕ್ಕಿ, ಬೆಳಕಿಗೆ ಹಿಡಿದು, ಕೊರಳು ಮುಟ್ಟಿ, ಬುಡ ಮುಟ್ಟಿ ನೋಡಿದರು. ಒಂದರಲ್ಲೂ ಬಿರುಕಿಲ್ಲ. ಎರಡನೆಯ ಸುತ್ತೂ ಮುಗಿಯಿತು, ಬಿರುಕಿಲ್ಲ. ಸಾಲಿಂ ತಾವೇ ಒಂದನ್ನು ತೆಗೆದುಕೊಂಡು ತಿರುಗಿಸಿ ನೋಡಿ, "ತಮಾಮ್, ಯೂಸುಫ್, ಒಂದೂ ಕೆಟ್ಟಿಲ್ಲ," ಎಂದು ಮತ್ತೆ ಕೋವಿಯ ಕಡೆ ಹೋದರು.

ಇಸುಬು ಕಾರಿನ ನೆರಳಿನಲ್ಲಿ ಚಾಪೆ ಹಾಸಿ ಕುಳಿತರು. ಆಸಿಯಮ್ಮನಿಗೆ ಫೋನು ಮಾಡಿ "ಎಲ್ಲ ಸರಿ ಉಂಟು," ಎಂದಷ್ಟೇ ಹೇಳಿದರು. ಬೆನ್ನನ್ನು ಚಕ್ರಕ್ಕೆ ಒರಗಿಸಿ ಕಾಲು ಚಾಚಿದರು. ಅತ್ತ ಕೋವಿಗಳು ಒಂದರ ಹಿಂದೊಂದು ಸದ್ದು ಮಾಡುತ್ತಲೇ ಇದ್ದವು. ಇತ್ತ ಅವರಿಗೆ ಒಳ್ಳೆಯ ನಿದ್ದೆ ಬಂದಿತ್ತು.