ಒಂದು ಹಿಡಿ ಗರಡಿ ಮಣ್ಣು

ನಮ್ಮ ಉಸ್ತಾದರ ಎಡಗಿವಿ ಜಜ್ಜಿ ಮುದ್ದೆಯಾಗಿತ್ತು. ಕುಸ್ತಿಯಲ್ಲಿ ಅದೆಷ್ಟು ತಲೆಗಳು ಗುದ್ದಿದ್ದವೋ, ಮಡಿಕೆಗಳೆಲ್ಲ ಒಂದಾಗಿ ಗಟ್ಟಿಯಾಗಿದ್ದವು. ಆ ಕಡೆಯಿಂದ ಮಾತಾಡಿದರೆ ಅವರಿಗೆ ಕೇಳಿಸುತ್ತಿರಲಿಲ್ಲ. ಬೈದರೆ ಮಾತ್ರ ಹೇಗೋ ಕೇಳಿಸುತ್ತಿತ್ತು.

ತೊಂಬತ್ತರ ದಶಕದಲ್ಲಿ ಹನುಮಂತನಗರದ ಅವರ ಗರಡಿಗೆ ಸೇರಿದಾಗ ನನಗೆ ಇಪ್ಪತ್ತೆರಡು, ಕೋಪ ಮೂಗಿನ ತುದಿಯಲ್ಲೇ. ಒಂದು ದಿನ ಯಡಿಯೂರಿನವನೊಬ್ಬ ನನಗೆ ಜೋಡಿಯಾದ. ನನ್ನನ್ನು ನೋಡಿ ನಕ್ಕ, ಅಷ್ಟೇ. ಎತ್ತಿ ಕೆಡವಿದೆ. ಅವನ ಬೆನ್ನು ಮಣ್ಣಿಗೆ ತಾಗಿತು, ಕುಸ್ತಿ ಮುಗಿಯಿತು. ನಾನು ಮುಗಿಸಲಿಲ್ಲ. ಎದೆಯ ಮೇಲೆ ಕೂತು ಹಲ್ಲು ಮುರಿಯುವವರೆಗೂ ಗುದ್ದಿದೆ. ಉಸ್ತಾದರು ನನ್ನ ಕೂದಲು ಹಿಡಿದೆಳೆದು ಬೆತ್ತದಿಂದ ಮೂರು ಬಾರಿಸಿದರು. ಮೂರೇ. ಅಷ್ಟಕ್ಕೇ ಬೆನ್ನಿನ ಚರ್ಮ ಕಿತ್ತುಬಂತು.

“ಬಿದ್ದೋನ್ಗೆ ಹೊಡೆಯೋನು ಪೈಲ್ವಾನ್ ಅಲ್ಲ ಕಣೋ, ರೌಡಿ. ಬೆನ್ನು ಮಣ್ಣಿಗೆ ತಾಗ್ತಾ, ಕೈ ಬಿಡು.”

ಆಮೇಲೆ ಅವರೇ ನನ್ನನ್ನು ಬೋರಲು ಮಲಗಿಸಿ, ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಹದ ಮಾಡಿದ ಅಖಾಡದ ಮಣ್ಣನ್ನು ಬೆನ್ನಿಗೆ ಮೆತ್ತಿದರು. ಗರಡಿಯಲ್ಲಿ ಎಲ್ಲ ಗಾಯಕ್ಕೂ ಅದೇ ಮದ್ದು. ನನಗೆ ವಾಸಿಯೂ ಆಯಿತು, ಕರ್ಮ. ಆಗದಿದ್ದರೆ ಆ ಮಣ್ಣಿನ ವಿಷಯದಲ್ಲಿ ಅವತ್ತೇ ಬುದ್ಧಿ ಬರುತ್ತಿತ್ತು.

ಎರಡು ವರ್ಷದ ಮೇಲೆ ಉಸ್ತಾದರು ಅಖಾಡ ಅಗೆಯುವಾಗ ಗುದ್ದಲಿ ಜಾರಿ ಅವರ ಪಾದ ಮೂಳೆ ಕಾಣುವಷ್ಟು ಸೀಳಿತು. ಆಸ್ಪತ್ರೆಗೆ ಹೋಗೋಣ ಎಂದೆ. ನಲವತ್ತು ವರ್ಷ ನನ್ನನ್ನು ಸಾಕಿದ ಮಣ್ಣಿದು, ಹಚ್ಚು ಎಂದು ಗದರಿದರು. ನಾನೇ ಒಂದು ಹಿಡಿ ತೆಗೆದು ಗಾಯದೊಳಕ್ಕೆ ಒತ್ತಿ ಬಟ್ಟೆ ಕಟ್ಟಿದೆ.

ನಾಲ್ಕನೆಯ ದಿನ ಕಾಲು ತೊಡೆಯವರೆಗೆ ಊದಿತ್ತು. ಜಯನಗರದ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ಜ್ವರದ ಅಮಲಿನಲ್ಲಿ ಅವರು ಯಾರೊಂದಿಗೋ ಕುಸ್ತಿಗೆ ಬಿದ್ದಿದ್ದರು. ಡ್ರಿಪ್ ಕಿತ್ತೆಸೆದರು, ಹಿಡಿಯಲು ಬಂದವನ ಮೂಗು ಒಡೆದರು. ಕೊನೆಗೆ ಅವರ ಕೈಗಳನ್ನು ಮಂಚಕ್ಕೆ ಕಟ್ಟಬೇಕಾಯಿತು. ಕಣ್ಣುಗಳು ಪೂರ್ತಿ ಹಳದಿಯಾಗಿದ್ದವು.

ಮಣ್ಣಿನಿಂದ ಗಾಯಕ್ಕಿಳಿದ ಕ್ರಿಮಿ ಔಷಧಿಗೆ ಸಾಯಲಿಲ್ಲವೇ ಎಂದು ಡಾಕ್ಟರಮ್ಮನನ್ನು ಕೇಳಿದೆ.

“ರಕ್ತಕ್ಕೆ ಸೇರಿದ್ದ ಕ್ರಿಮಿ ಹೆಚ್ಚುಕಮ್ಮಿ ಸತ್ತಿವೆ. ಲಿವರ್‌ನಲ್ಲಿ ಕಾವಲಿಗಿರೋ ಕಣಗಳು ಅವನ್ನ ಹಿಡಿದು, ಸಹಾಯಕ್ಕೆ ಬಿಳಿ ರಕ್ತಕಣಗಳನ್ನ ಕರೆದ್ವು. ಬಂದವು ಹೊಡೆಯೋದು ನಿಲ್ಲಿಸ್ತಿಲ್ಲ. ಈಗ ಲಿವರನ್ನೇ ಹೊಡೀತಿವೆ.”

ಅವಕ್ಕೆ ಕೈ ಬಿಡಿ ಅನ್ನೋಕೆ ಏನೂ ಇಲ್ಲವಾ ಮೇಡಂ ಎಂದೆ. ಅವರು ತಲೆ ಅಲ್ಲಾಡಿಸಿದರು. ಬಿದ್ದವನಿಗೆ ಹೊಡೆಯಬೇಡ ಎಂದು ಜೀವನವಿಡೀ ಕಲಿಸಿದವರ ಮೈಯೊಳಗೇ ಇದು ನಡೆಯುತ್ತಿತ್ತು. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಮಾರನೆಯ ಬೆಳಿಗ್ಗೆ ಒಂದು ಗಳಿಗೆ ನನ್ನ ಗುರುತು ಹಿಡಿದರು. ಮಣ್ಣು ಒತ್ತಿದ್ದು ನಾನು ಎಂದು ಅತ್ತೆ. “ಹಚ್ಚು ಅಂದಿದ್ದು ನಾನು ಕಣೋ,” ಎಂದರು. ಮಧ್ಯಾಹ್ನದೊಳಗೆ ಹೋಗಿಬಿಟ್ಟರು.

ಆ ಮಾತು ನನಗೆ ಸಾಲಲಿಲ್ಲ. ಅಂತ್ಯಕ್ರಿಯೆ ಮುಗಿಸಿ ಬಂದವನೇ ಅದೇ ಗುದ್ದಲಿ ಹಿಡಿದು ಅಖಾಡಕ್ಕಿಳಿದೆ. ಮಣ್ಣನ್ನು ಅಗೆದಗೆದು ರಸ್ತೆಗೆ ಎಸೆದೆ. ಅಂಗೈ ಕಿತ್ತು ರಕ್ತ ಸುರಿದರೂ ನಿಲ್ಲಿಸಲಿಲ್ಲ. ಹತ್ತಿರ ಬರುವ ಧೈರ್ಯ ಯಾರಿಗೂ ಇರಲಿಲ್ಲ. ಕೊನೆಗೊಬ್ಬ ಹಿಂದಿನಿಂದ ತಬ್ಬಿ ಹಿಡಿದ. ಮೊಣಕೈಯಿಂದ ಮುಖಕ್ಕೆ ತಿವಿದೆ, ಬಿಡಲಿಲ್ಲ. ಹಲ್ಲು ಮುರಿಸಿಕೊಂಡಿದ್ದ ಆ ಯಡಿಯೂರಿನವನು.

“ಸಾಕು ಮಗಾ, ಬಿಡು. ಅವ್ರು ಇದ್ದಿದ್ರೆ ಬೆತ್ತ ತಗೋತಿದ್ರು,” ಎಂದ.

ಗುದ್ದಲಿ ಕೈಯಿಂದ ಜಾರಿತು. ಅವನು ನನ್ನನ್ನು ನಲ್ಲಿಯ ಹತ್ತಿರ ಕೂರಿಸಿ, ಸೋಪು ಹಚ್ಚಿ, ಗಾಯಗಳಲ್ಲಿ ಚೂರೂ ಮಣ್ಣು ಉಳಿಯದಂತೆ ತೊಳೆದ. ತೊಳೆಯುವಷ್ಟು ಹೊತ್ತೂ ಅವನ ಮೂಗಿನ ರಕ್ತ ನನ್ನ ಕೈಮೇಲೆ ತೊಟ್ಟಿಕ್ಕುತ್ತಿತ್ತು. ಅದಾದ ಮೇಲೆ ನಾನು ಯಾರ ಮೇಲೂ ಕೈ ಎತ್ತಿಲ್ಲ. ಬೆನ್ನ ಮೇಲಿನ ಆ ಮೂರು ಬರೆಗಳಿಗೆ ನಾನು ಇಂದಿಗೂ ಋಣಿ.