ಅತ್ತಿಗೆ ಆರಿಸಿದ ಸೈಕಲ್ ಚೀಲ

ನಮ್ಮ ಅತ್ತಿಗೆ ಹಲ್ಲು ಮಾಡುತ್ತಾರೆ. ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸಿದ ಮೇಲೆ ಲ್ಯಾಬಿನಲ್ಲಿ ಕೂತು, ಮೇಣದ ಮೇಲೆ ಒಂದೊಂದೇ ಹಲ್ಲು ನಿಲ್ಲಿಸಿ, ಗುಲಾಬಿ ಬಣ್ಣದ ಒಸಡು ಎರೆದು ಪೂರ್ತಿ ಸೆಟ್ಟು ತಯಾರು ಮಾಡುವವರು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಊರಿನ ಅರ್ಧ ಜನ ನಗುವುದು ಇವರ ಹಲ್ಲಿನಲ್ಲೇ ಎಂದು ಅಣ್ಣ ಹೇಳುತ್ತಾನೆ. ಹೆಂಡತಿಯ ವಿಷಯ ಬಂದಾಗ ಅವನ ಲೆಕ್ಕ ಸ್ವಲ್ಪ ಧಾರಾಳ.

ಹಲ್ಲು ಮಾಡುವವರು ಸಾಮಾನ್ಯವಾಗಿ ಅದನ್ನು ಹಾಕಿಕೊಳ್ಳುವವರ ಮುಖ ನೋಡುವುದಿಲ್ಲ. ಅಚ್ಚು ಬರುತ್ತದೆ, ಸೆಟ್ಟು ಹೋಗುತ್ತದೆ, ಮುಗಿಯಿತು. ಅತ್ತಿಗೆ ಮಾತ್ರ ತಾವು ಮಾಡಿದ್ದನ್ನು ತಾವೇ ಸೈಕಲ್ಲಿನಲ್ಲಿ ಒಯ್ಯುತ್ತಾರೆ. ಡಾಕ್ಟರ ಕೋಣೆಯ ಮೂಲೆಯಲ್ಲಿ ನಿಂತು, ಆ ಮನುಷ್ಯ ಹೊಸ ಹಲ್ಲಿನಲ್ಲಿ ನಾಲ್ಕು ಮಾತಾಡುವವರೆಗೆ ಕದಲುವುದಿಲ್ಲ. ಇದಕ್ಕೆ ಕಾರಣ ಅವರ ಅಮ್ಮ. ಆಕೆಗೆ ಐವತ್ತಕ್ಕೇ ಹಲ್ಲಿನ ಸೆಟ್ಟು ಹಾಕಿಸಿದ್ದರು. ನೋಡಲು ಚೆನ್ನಾಗಿತ್ತು, ಮಾತಾಡಿದರೆ ತೊದಲು. ಮನೆಯವರೆಲ್ಲ ನಕ್ಕರು, ಆಗ ಚಿಕ್ಕವರಾಗಿದ್ದ ಅತ್ತಿಗೆಯೂ ನಕ್ಕರಂತೆ. ಆಕೆ ಬರಬರುತ್ತಾ ಮಾತು ಕಡಿಮೆ ಮಾಡಿ, ಕೊನೆಯ ಒಂಬತ್ತು ವರ್ಷ ಹೂಂ, ಊಹೂಂ ಎರಡರಲ್ಲೇ ಸಂಸಾರ ನಡೆಸಿದರು. "ಹಲ್ಲು ಮಾಡಿದೋನು ಒಂದೇ ಒಂದು ಸಲ ಅಮ್ಮನ ಎದುರು ನಿಂತಿದ್ರೆ ಸಾಕಾಗಿತ್ತು ಕಣೇ" ಎನ್ನುತ್ತಾರೆ ಅತ್ತಿಗೆ. ಹಾಗೆ ಹೇಳುವಾಗ ಅವರ ಮುಖ ನೋಡಲು ನನಗಾಗುವುದಿಲ್ಲ.

ತೊಂದರೆ ಶುರುವಾದದ್ದು ಡಾಕ್ಟರು ಹೊಸ ಕಟ್ಟಡಕ್ಕೆ ಹೋದ ಮೇಲೆ. ಅಲ್ಲಿ ಗಾಜಿನ ಬಾಗಿಲು, ಬಾಗಿಲ ಹಿಂದೆ ಮೇಜು, ಮೇಜಿನ ಹಿಂದೆ ಒಬ್ಬ ರಿಸೆಪ್ಷನಿಸ್ಟು, ಗೋಡೆಯ ಮೇಲೆ 'ಪಾರ್ಸೆಲ್‌ಗಳನ್ನು ಪಕ್ಕದ ಕಿಟಕಿಯಲ್ಲಿ ಕೊಡಿ' ಎಂಬ ಬೋರ್ಡು. ಅತ್ತಿಗೆ ಎಂದಿನಂತೆ ಪ್ಲಾಸ್ಟರ್ ಮೆತ್ತಿದ ಕ್ಯಾನ್ವಾಸ್ ಚೀಲವನ್ನು ಹೆಗಲಿಗೇರಿಸಿಕೊಂಡು ಹೋದರು. ರಿಸೆಪ್ಷನಿಸ್ಟು ಚೀಲ ನೋಡಿದಳು, ಕಿಟಕಿ ತೋರಿಸಿದಳು. ಮುಂದಿನ ವಾರ ಅತ್ತಿಗೆ ಮದುವೆಮನೆಗೆ ಒಯ್ಯುವ ಹ್ಯಾಂಡ್‌ಬ್ಯಾಗ್ ಹಿಡಿದು ಹೋದರು. ಅದೇ ಹೆಂಗಸು ಎದ್ದು ನಿಂತು, "ಬನ್ನಿ ಮೇಡಂ, ಒಳಗೆ ಹೋಗಿ" ಎಂದಳು.

ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ನಾನು ನೋಂದಣಿ ಕಚೇರಿಯಲ್ಲಿ ಕಿಟಕಿಯ ಒಳಬದಿಗೆ ಕೂರುವವಳು. ಹದಿನೈದು ವರ್ಷದಿಂದ ಜನರನ್ನು ಪಕ್ಕದ ಕಿಟಕಿಗೆ ಕಳಿಸುತ್ತಿದ್ದೇನೆ. ನಾವು ಮೊದಲು ನೋಡುವುದೇ ಕೈಯಲ್ಲಿರುವ ಚೀಲವನ್ನು.

ಆದರೆ ಹ್ಯಾಂಡ್‌ಬ್ಯಾಗಿಗೂ ಸೈಕಲ್ಲಿಗೂ ಆಗಿಬರಲಿಲ್ಲ. ಮೂರನೆಯ ವಾರ ಹ್ಯಾಂಡಲ್ಲಿಗೆ ನೇತುಹಾಕಿದ್ದ ಅದರ ಪಟ್ಟಿ ಮುಂದಿನ ಚಕ್ರಕ್ಕೆ ಸಿಕ್ಕಿ ಅತ್ತಿಗೆ ಮಖಾಡೆ ಬಿದ್ದರು. ಮೊಣಕಾಲು ತರಚಿತು. ಹಲ್ಲಿನ ಡಬ್ಬಿ ರಸ್ತೆ ದಾಟಿ ಹೋಗಿ ಒಂದು ಮನೆಯ ಮೆಟ್ಟಿಲಿಗೆ ತಾಗಿ ನಿಂತಿತು.

"ನನ್ನ ಸ್ಕೂಟರ್ ತಗೊಂಡ್ಹೋಗಿ ಅತ್ತಿಗೆ" ಎಂದೆ.

"ಸ್ಕೂಟರ್ ಬೇಡ. ರಸ್ತೇಲಿ ಚೀಲ, ಬಾಗಿಲಲ್ಲಿ ಹ್ಯಾಂಡ್‌ಬ್ಯಾಗ್. ಅಂಥದ್ದು ಬೇಕು. ಇಲ್ದಿದ್ರೆ ಇನ್ಮೇಲೆ ನಂಗೂ ಕಿಟಕೀನೇ ಗತಿ. ಯಾರ ಬಾಯೀನೂ ನೋಡೋಕಾಗಲ್ಲ."

ಸೈಕಲ್ಲಿನ ಹಿಂದಿನ ಕ್ಯಾರಿಯರ್ ಪಕ್ಕಕ್ಕೆ ಕೊಕ್ಕೆಯಿಂದ ತಗುಲಿಸಿ, ಬೇಕಾದಾಗ ಬಿಚ್ಚಿ ಹೆಗಲಿಗೆ ಹಾಕಿಕೊಳ್ಳುವ ಚೀಲಗಳು ಸಿಗುತ್ತವೆ ಎಂದು ಅಣ್ಣ ಎಲ್ಲಿಂದಲೋ ಪತ್ತೆ ಮಾಡಿದ. ಆವತ್ತಿನಿಂದ ಎರಡು ತಿಂಗಳು ನನ್ನ ಶನಿವಾರಗಳು ಹಾಳಾದವು. ಮದುವೆಗೆ ಗಂಡು ಆರಿಸುವಾಗಲೂ ಅತ್ತಿಗೆ ಇಷ್ಟು ಅಳೆದು ತೂಗಿರಲಿಲ್ಲ. ನಮ್ಮಣ್ಣನನ್ನು ನೋಡಿದರೆ ಗೊತ್ತಾಗುತ್ತದೆ.

ಅಂಗಡಿಗೆ ಅವರು ಸೈಕಲ್ ಸಮೇತ ಹೋಗುತ್ತಿದ್ದರು. ಸಮೇತ ಎಂದರೆ ಒಳಗೇ. ಮೊದಲನೆಯ ಅಂಗಡಿಯವನು ತೋರಿಸಿದ್ದು ಕಡುಗೆಂಪು ಚೀಲ. ನನಗೆ ಕಣ್ಣು ಕೀಳಲಾಗಲಿಲ್ಲ. ಅತ್ತಿಗೆ ಅದನ್ನು ಕ್ಯಾರಿಯರಿಗೆ ತಗುಲಿಸಿ, ಸ್ಟ್ಯಾಂಡ್ ಹಾಕಿ ಸೈಕಲ್ ಏರಿ ಕೂತು, ಪರ್ಸಿನಿಂದ ಒಂದು ತುಂಡು ನೀಲಿ ಕಾಗದ ತೆಗೆದು ತಮ್ಮ ಹಿಮ್ಮಡಿಗೆ ಅಂಟಿಸಿಕೊಂಡರು. ಹಲ್ಲು ಎಲ್ಲಿ ಹೆಚ್ಚಿಗೆ ತಾಗುತ್ತದೆ ಎಂದು ನೋಡಲು ಕಚ್ಚಿಸುತ್ತಾರಲ್ಲ, ಆ ಕಾಗದ. ಹತ್ತು ಸಲ ಪೆಡಲ್ ತುಳಿದು ಇಳಿದರು. ಕೆಂಪು ಚೀಲದ ಮೂಲೆಯಲ್ಲಿ ಹತ್ತು ನೀಲಿ ಚುಕ್ಕೆ.

"ಹಿಮ್ಮಡಿ ಹೊಡೀತಿದೆ. ಬೇಡ" ಎಂದರು.

"ಕಲೆ ಯಾರು ತೆಗೀತಾರೆ ಮೇಡಂ?" ಎಂದು ಅಂಗಡಿಯವನು ಕೇಳಿದ.

"ನೆಂದ ಹತ್ತಿಯಲ್ಲಿ ಒರೆಸಿ, ಹೋಗತ್ತೆ. ನಾಲಿಗೆಯಿಂದಲೇ ಹೋಗತ್ತೆ" ಎಂದರು ಅತ್ತಿಗೆ.

ಇನ್ನೊಂದು ಅಂಗಡಿಯಲ್ಲಿ ನೀರು ಒಂದು ಹನಿಯೂ ಇಳಿಯದ ಕಪ್ಪು ಚೀಲ ಸಿಕ್ಕಿತು. ಹೆಗಲಿಗೆ ಹಾಕಿಕೊಂಡರೆ ಮೀಟರ್ ನೋಡಲು ಬಂದವರ ಹಾಗೆ ಕಾಣುತ್ತಾರೆ ಎಂದು ನಾನೇ ಬೇಡವೆಂದೆ. ಚರ್ಮದ್ದು ಚೆನ್ನಾಗಿತ್ತು, ಖಾಲಿ ಇರುವಾಗಲೇ ಕಲ್ಲಿನಷ್ಟು ಭಾರ. ಮತ್ತೊಂದಕ್ಕೆ ತಳವಿರಲಿಲ್ಲ, ನೆಲಕ್ಕಿಟ್ಟ ತಕ್ಷಣ ಮಗ್ಗುಲಾಗಿ ಮಲಗಿಬಿಡುತ್ತಿತ್ತು. ಅಲ್ಲಿನ ಅಂಗಡಿಯಾಕೆ ಬೇಸತ್ತು, "ಅದರಲ್ಲಿ ಅಂಥದ್ದೇನು ಇಡ್ತೀರಾ?" ಎಂದು ಕೇಳಿದಳು. ಅತ್ತಿಗೆ ಡಬ್ಬಿ ತೆರೆದು ತೋರಿಸಿದರು. ಪಕ್ಕದಲ್ಲಿ ಪರ್ಸು ನೋಡುತ್ತಿದ್ದ ಗಿರಾಕಿ ಪರ್ಸು ಬಿಟ್ಟು ಹೊರಟುಹೋದಳು.

ಕೊನೆಗೂ ಸಿಕ್ಕಿತು. ಗಾಢ ಹಸಿರು, ಚಪ್ಪಟೆ ತಳ, ಹಿಮ್ಮಡಿಗೆ ಎಡೆಯಾಗುವಂತೆ ಓರೆಯಾಗಿ ಕತ್ತರಿಸಿದ ಮೂಲೆ. ಹೆಗಲಪಟ್ಟಿ ಚಕ್ರಕ್ಕೆ ಸಿಗದಂತೆ ಒಳಗೆ ಮಡಚಿ ಗುಂಡಿ ಹಾಕಬಹುದು. ಬಿಚ್ಚಿ ಕೈಗೆತ್ತಿಕೊಂಡರೆ ಕೊಕ್ಕೆಗಳನ್ನು ಒಂದು ಮುಚ್ಚಳ ಪೂರ್ತಿ ಮರೆಮಾಡುತ್ತದೆ. ಒಳಗೆ ಡಬ್ಬಿಗೆ ಹೇಳಿ ಮಾಡಿಸಿದಂಥ ಜೇಬು. ಹೆಗಲಿಗೆ ಹಾಕಿಕೊಂಡು ಕನ್ನಡಿ ಮುಂದೆ ನಿಂತಾಗ ಅತ್ತಿಗೆ ಥೇಟ್ ಬ್ಯಾಂಕ್ ಮ್ಯಾನೇಜರ್.

"ಹೆಂಗಿದೆಯೇ?" ಎಂದು ಕೇಳಿದರು.

"ನಿಮ್ಮನ್ನ ನೋಡಿದ್ರೆ ನಾನೇ ಎದ್ದು ಕುರ್ಚಿ ಕೊಡ್ತೀನಿ. ಸಾಕು, ತಗೊಳ್ಳಿ, ಕಾಲು ಬಿದ್ದುಹೋಗ್ತಿದೆ" ಎಂದೆ.

ಮನೆಗೆ ಬಂದ ಮೇಲೆ ಒಂದು ಕೊರತೆ ಹೊರಬಿತ್ತು. ಅತ್ತಿಗೆಯ ಸೈಕಲ್ ಹಳೆಯದು, ಕ್ಯಾರಿಯರಿನ ಸರಳು ಸಣ್ಣದು. ಕೊಕ್ಕೆ ಅದರ ಮೇಲೆ ಕೂದಲೆಳೆಯಷ್ಟು ಅಲ್ಲಾಡುತ್ತಿತ್ತು. ನಾನಾಗಿದ್ದರೆ ಒಂದು ಚೂರು ಬಟ್ಟೆ ಸುತ್ತುತ್ತಿದ್ದೆ. ಆದರೆ ಅಲ್ಲಾಡುವುದು ಎಂದರೆ ಅತ್ತಿಗೆಗೆ ಮೈಮೇಲೆ ಹುಳ ಬಿಟ್ಟಂತೆ. ಇಪ್ಪತ್ತೆರಡು ವರ್ಷದಲ್ಲಿ ಅವರು ಕೇಳಿದ ದೂರೆಲ್ಲ ಅದೊಂದೇ: ಸೆಟ್ಟು ಸಡಿಲ, ಸೀನಿದರೆ ಬೀಳುತ್ತದೆ. ಭಾನುವಾರ ಬೆಳಿಗ್ಗೆ ಲ್ಯಾಬಿನಲ್ಲಿ ಒಸಡು ಎರೆಯುವ ಗುಲಾಬಿ ಪುಡಿ ಕಲಸಿ, ಕೊಕ್ಕೆಯ ಒಳಗೆ ತುಂಬಿ, ಸರಳಿನ ಮೇಲೆ ಒತ್ತಿ ಕೂರಿಸಿದರು. ಹೊಸ ಒಸಡಿನ ಪದರವನ್ನು ಬಾಯಲ್ಲೇ ಕೂರಿಸಿ ನೋಡುವಾಗ ಹೀಗೇ ಮಾಡುತ್ತಾರಂತೆ. ಗಟ್ಟಿಯಾಗಿ ಕಚ್ಚಿಕೊಳ್ಳುವ ಮುಂಚೆ ಎರಡು ಮೂರು ಸಲ ಬಿಡಿಸಿ ಬಿಡಿಸಿ ಕೂರಿಸಬೇಕು. ಗಟ್ಟಿಯಾಗುವಾಗ ಆ ಪದಾರ್ಥ ಬಿಸಿಯಾಗುತ್ತದೆ, ಬಾಯಿಯ ಯಜಮಾನರು "ಬಿಸಿ, ಬಿಸಿ!" ಎಂದು ಕೂಗುತ್ತಾರೆ, ಇವರು ಬಿಡಿಸುತ್ತಾರೆ. ಆ ಕೂಗೇ ಇವರಿಗೆ ಗಡಿಯಾರ.

ಸೈಕಲ್ ಕೂಗಲಿಲ್ಲ. ಕೂಗಿದವಳು ನಾನು, ಊಟಕ್ಕೆ. ಅತ್ತಿಗೆ ಕೈ ತೊಳೆದು ಬಂದು ಉಂಡರು.

ಊಟವಾದ ಮೇಲೆ ಅಣ್ಣ ಬೀದಿಯ ಮೂರು ಉಬ್ಬುಗಳ ಮೇಲೆ ಸೈಕಲ್ ಹಾರಿಸಿ ಬಂದ. ಚೀಲ ಮಿಸುಕಲಿಲ್ಲ. "ಕ್ಯಾರಿಯರಿಗೇ ಹುಟ್ಟಿದ ಹಾಗಿದೆ" ಎಂದ. ಅತ್ತಿಗೆ ಅಷ್ಟು ಖುಷಿಯಾಗಿ ನಕ್ಕದ್ದನ್ನು ನಾನು ನೋಡಿ ಬಹಳ ದಿನವಾಗಿತ್ತು. ಬಿಚ್ಚಿ ನೋಡೋಣ ಎಂದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಆ ವಾರದ ಸೆಟ್ಟು ಮೈಕಮ್ಮನದು. ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಮೈಕಿನಲ್ಲಿ ಹೇಳುವಾಕೆ; ಊರಿಗೆಲ್ಲ ಆಕೆಯ ದನಿ ಗೊತ್ತು, ಮುಖ ಯಾರಿಗೂ ಗೊತ್ತಿಲ್ಲ. ಹಲ್ಲು ಹೋದ ಮೇಲೆ ಮೇಲಿನವರು ಆಕೆಯನ್ನು ಮೈಕು ಬಿಡಿಸಿ ಟಿಕೆಟ್ ಕಟ್ಟು ಎಣಿಸಲು ಕೂರಿಸಿದ್ದರು. ಅತ್ತಿಗೆ ಈ ಸೆಟ್ಟಿಗೆ ಜೀವ ತೇದಿದ್ದರು. "ಈಯಮ್ಮನ ಮಾತು ಮಾತ್ರ ನಾನು ಕೇಳ್ಲೇಬೇಕು" ಎಂದು ವಾರವಿಡೀ ನನ್ನ ತಲೆ ತಿಂದಿದ್ದರು.

ಮಂಗಳವಾರ ಚೀಲದ ವೈಭವ ನೋಡಲು ನಾನು ಅರ್ಧ ದಿನ ರಜೆ ಹಾಕಿ ಸ್ಕೂಟರಿನಲ್ಲಿ ಹಿಂದೆ ಹೋದೆ. ಕ್ಲಿನಿಕ್ಕಿನ ಮುಂದೆ ಅತ್ತಿಗೆ ಇಳಿದು, ಸೀರೆ ಸರಿಮಾಡಿಕೊಂಡು, ಚೀಲದ ಹಿಡಿಕೆ ಹಿಡಿದು ಎತ್ತಿದರು. ಸೈಕಲ್ಲಿನ ಹಿಂದಿನ ಚಕ್ರ ಮೇಲಕ್ಕೆ ಬಂತು.

ಮತ್ತೊಮ್ಮೆ ಎತ್ತಿದರು. ಮತ್ತೆ ಚಕ್ರ ಬಂತು. ನಾನು ಸೈಕಲ್ ಹಿಡಿದೆ, ಅವರು ಎಳೆದರು. ಅವರು ಹಿಡಿದರು, ನಾನು ಎಳೆದೆ. ಕಾವಲುಗಾರ ಬಂದು ಕ್ಯಾರಿಯರಿಗೆ ಕಾಲು ಕೊಟ್ಟು ಎಳೆದ. ಜಪ್ಪಯ್ಯ ಎಂದರೂ ಬರಲಿಲ್ಲ.

"ಯಾರು ಮೇಡಂ ಇಷ್ಟು ಗಟ್ಟಿ ಕೂರ್ಸಿದ್ದು?" ಎಂದು ಕೇಳಿದ.

ಅತ್ತಿಗೆ ಗಡಿಯಾರ ನೋಡಿಕೊಂಡರು. ಹೊತ್ತು ಮೀರುತ್ತಿತ್ತು. ಮುಚ್ಚಳ ತೆರೆದು ಡಬ್ಬಿಯೊಂದನ್ನೇ ಕೈಯಲ್ಲಿ ಹಿಡಿದು ಒಳಗೆ ಹೋದರು. ರಿಸೆಪ್ಷನಿಸ್ಟು ಡಬ್ಬಿ ನೋಡಿದಳು, ಕಿಟಕಿ ತೋರಿಸಿದಳು. ಅತ್ತಿಗೆ ಕಿಟಕಿಯಲ್ಲಿ ಕೊಟ್ಟು, ಸಹಿ ಹಾಕಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು.

ನನಗೆ ಮೈಯೆಲ್ಲ ಉರಿದುಹೋಯಿತು. "ಅಲ್ಲಾ ಅತ್ತಿಗೆ, ಹಲ್ಲು ಮಾಡಿದೋರು ನಾನು ಅಂತ ಬಾಯಿ ಬಿಟ್ಟು ಹೇಳೋಕೇನು ಧಾಡಿ? ಒಂದು ಚೀಲಕ್ಕೆ ಎರಡು ತಿಂಗಳು ನನ್ನ ಜೀವ ತೆಗೆದ್ರಲ್ಲ!"

"ಮೊದಲನೇ ದಿನಾನೇ ಹೇಳಿದ್ದೆ ಕಣೇ. ಎಲ್ರೂ ಹಂಗೇ ಹೇಳ್ತಾರೆ ಅಂದ್ರು" ಎಂದರು ಅತ್ತಿಗೆ. ಕಣ್ಣಲ್ಲಿ ನೀರು ತುಂಬಿತ್ತು. ನಾನೂ ಕಿಟಕಿಯಲ್ಲಿ ದಿನಕ್ಕೆ ನಾಲ್ಕು ಸಲ ಅದೇ ಮಾತು ಹೇಳುತ್ತೇನೆ. ಹೋಗಿ ಪಕ್ಕದಲ್ಲಿ ಕೂತೆ.

ಅರ್ಧ ಗಂಟೆಯಲ್ಲಿ ಮೈಕಮ್ಮ ಹೊರಗೆ ಬಂದರು; ಅವರೇ ಎಂದು ಆಗ ನಮಗೆ ಗೊತ್ತಿರಲಿಲ್ಲ. ಕರವಸ್ತ್ರ ಬಾಯಿಗೆ ಅಡ್ಡ ಹಿಡಿದಿದ್ದರು. ನಮ್ಮನ್ನು ದಾಟಿ ಹೋಗುವಷ್ಟರಲ್ಲಿ ಹಸಿರು ಚೀಲ ಕಂಡು ನಿಂತರು.

"ಎಷ್ಟು ಶೊಗಶಾಗಿದೆ! ಶೈಕಲ್ಲಿಗೆ ಅಂತಾನೇ ಶಿಗತ್ತಾ ಇದು?"

ಅತ್ತಿಗೆ ತಟ್ಟನೆ ಎದ್ದರು. "ಏನಂದ್ರಿ? ಇನ್ನೊಂದ್ಸಲ ಹೇಳಿ."

"ಶೊಗಶಾಗಿದೆ ಅಂದೆ, ಚೀಲ."

"ಇನ್ನೊಂದ್ಸಲ."

ಹೊಗಳಿಕೆಗೆ ಇಷ್ಟು ಹಸಿದವರನ್ನು ಮೈಕಮ್ಮ ಕಂಡಿರಲಿಲ್ಲವೆಂದು ಕಾಣುತ್ತದೆ. ಪಿಳಿಪಿಳಿ ನೋಡಿ ಮೂರನೆಯ ಸಲವೂ ಹೇಳಿದರು.

"ಒಳಗೆ ಡಾಕ್ಟರ್ ಹತ್ರ ಮಾತಾಡಿದ್ರಾ?"

"ನೋವಿದ್ಯಾ ಅಂತ ಕೇಳಿದ್ರು. ತಲೆ ಅಲ್ಲಾಡಿಶಿದೆ."

"ಮುಂದಿನ ಹಲ್ಲಿನ ಹಿಂದೆ ಅರ್ಧ ಕಾಗದದಷ್ಟು ದಪ್ಪ ಆಗಿದೆ" ಎಂದರು ಅತ್ತಿಗೆ. "ತಪ್ಪು ನಂದು. ಬನ್ನಿ ಅಕ್ಕ, ಐದು ನಿಮಿಷದ ಕೆಲಸ."

ಮೈಕಮ್ಮನ ಕೈ ಹಿಡಿದುಕೊಂಡು ಅತ್ತಿಗೆ ಗಾಜಿನ ಬಾಗಿಲು ತಳ್ಳಿದರು, ನಾನೂ ಹಿಂದೆಯೇ ಹೋದೆ. ರಿಸೆಪ್ಷನಿಸ್ಟು, "ಮೇಡಂ, ಪಾರ್ಸೆಲ್ ಆದ್ರೆ..." ಎಂದಳು. ಅತ್ತಿಗೆ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಅವರ ಕೈಯಲ್ಲಿ ಚೀಲವೂ ಇರಲಿಲ್ಲ, ಡಬ್ಬಿಯೂ ಇರಲಿಲ್ಲ. ಅವಳು ಯಾವ ಕಡೆ ಕೈ ತೋರಿಸುವುದೆಂದು ತಿಳಿಯದೆ ಕೂತಳು.

ಒಳಗಿನಿಂದ ತೇಯುವ ಯಂತ್ರದ ಸದ್ದು ಕೇಳಿಸಿತು. ನಿಂತಿತು. ಮತ್ತೆ ಕೇಳಿಸಿತು. ಆಮೇಲೆ ಒಂದು ದನಿ, ಊರಿಗೆಲ್ಲ ಗೊತ್ತಿರುವ ದನಿ, ಗೋಡೆ ದಾಟಿ ಬಂತು: "ಪ್ರಯಾಣಿಕರ ಗಮನಕ್ಕೆ. ಸಂಜೆ ಸರಿಯಾಗಿ ಆರೂವರೆಗೆ ಹೊರಡುವ ಬಸ್ಸು ಏಳನೇ ಸಂಖ್ಯೆಯ ಸಾಲಿನಲ್ಲಿ ಸಿದ್ಧವಾಗಿ ನಿಂತಿದೆ." ದವಡೆ ಊದಿಸಿಕೊಂಡು ಕಾಯುತ್ತಿದ್ದ ಒಬ್ಬರು ಚೀಲ ಎತ್ತಿಕೊಂಡು ಎದ್ದು ನಿಂತರು.

ಡಾಕ್ಟರು ಬಾಗಿಲವರೆಗೆ ಬಂದು, "ಮುಂದಿನ ವಾರ ಎರಡು ಸೆಟ್ಟಿದೆ, ಸೀದಾ ಒಳಗೆ ಬನ್ನಿ" ಎಂದರು. ರಿಸೆಪ್ಷನಿಸ್ಟಿಗೂ ಹೇಳಿದರು. ಅತ್ತಿಗೆಯ ಸೆರಗಿನ ಮೇಲೆಲ್ಲ ಗುಲಾಬಿ ಪುಡಿ. ಏನೂ ಆಗಿಲ್ಲವೆಂಬಂತೆ ಹೊರಗೆ ಬಂದು ಸೈಕಲ್ ಸ್ಟ್ಯಾಂಡ್ ಒದ್ದರು.

ಇದಾಗಿ ಒಂದು ವರ್ಷವಾಯಿತು. ಅತ್ತಿಗೆ ವಾರವಾರವೂ ಬರೀ ಡಬ್ಬಿ ಹಿಡಿದು ಒಳಗೆ ಹೋಗುತ್ತಾರೆ. ಬಾಗಿಲಲ್ಲಿ ಮಾನ ಉಳಿಸಲೆಂದು ಎರಡು ತಿಂಗಳು ಹುಡುಕಿ ತಂದ ಹಸಿರು ಚೀಲ ಒಂದು ದಿನವೂ ಆ ಬಾಗಿಲು ದಾಟಿಲ್ಲ. ಪಂಕ್ಚರ್ ಹಾಕಿಸಲು ಹೋದರೂ ಅದು ಸೈಕಲ್ ಜೊತೆಗೇ ಹೋಗುತ್ತದೆ. ಬೇಕಾದರೆ ಅತ್ತಿಗೆ ಹತ್ತು ನಿಮಿಷದಲ್ಲಿ ತೇದು ಬಿಡಿಸಬಲ್ಲರು. ಬಿಡಿಸಿಲ್ಲ.

ಮೊನ್ನೆ ಸಂಜೆ ಇಬ್ಬರೂ ಬಸ್ ನಿಲ್ದಾಣದ ಮುಂದೆ ಹಾದು ಬರುತ್ತಿದ್ದೆವು. ಮೈಕಿನಲ್ಲಿ ಆರೂವರೆಯ ಬಸ್ಸಿನ ಕೂಗು ಬಂತು. ಅತ್ತಿಗೆ ಕಾಲು ಊರಿ ನಿಂತು, ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು.

"ಸರಿ ಇದೆ" ಎಂದರು. ಆಮೇಲೆ ಹ್ಯಾಂಡಲ್ ನೋಡುತ್ತಾ ಹೇಳಿದರು: "ನಮ್ಮಮ್ಮಂಗೆ ಇನ್ನೊಂದ್ಸಲ ಹೇಳಿ ಅಂತ ಒಬ್ರೂ ಅನ್ನಲಿಲ್ಲ ಕಣೇ. ನಾನೂ ಅನ್ನಲಿಲ್ಲ."

ನಾನು ಸ್ಕೂಟರ್ ಆಫ್ ಮಾಡಿದೆ. ಮೈಕಮ್ಮ ಅದೇ ಬಸ್ಸನ್ನು ಎರಡನೆಯ ಸಲ ಕೂಗಿದರು. ಅದು ಮುಗಿಯುವವರೆಗೂ ನಾವಿಬ್ಬರೂ ಅಲ್ಲೇ ನಿಂತಿದ್ದೆವು.